ಪೂರ್ವಕ್ಕೆ ಮುಖ ಮಾಡಿದ ಫೈನಲ್

ನಾನು ಬಿ.ಕಾಂ. ಪಾಸಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಹೇಳಿದವರು ನನ್ನ ಸೋದರಮಾವ ಬೋರಯ್ಯ. ಶ್ರೀಗಂಧದ ಕಾವಲ್‌ನ ಮೈದಾನದಲ್ಲಿ ಫುಟ್‌ಬಾಲ್ ಫೈನಲ್ ನಡೆಯುವುದು ಆಗದ ಮಾತು ಎಂದು ಹೇಳಿದವರೂ ಅವರೇ. ಮೊದಲನೆಯದರಲ್ಲಿ ಅವರು ಸೋತಿದ್ದರು. ಆದ್ದರಿಂದ ಎರಡನೆಯದರಲ್ಲೂ ಸೋಲುತ್ತಾರೆ ಎಂದು ನಾನು ತೀರ್ಮಾನಿಸಿದೆ. ವಾಣಿಜ್ಯ ಪದವೀಧರನಿಗೆ ಇಷ್ಟು ಲೆಕ್ಕ ಬರುತ್ತದೆ.

ನಮ್ಮ ಮನೆತನದಲ್ಲಿ ಪದವಿ ಎಂದು ಒಂದನ್ನು ಪಡೆದವನು ನಾನೊಬ್ಬನೇ. ಅಪ್ಪ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತೇ ಆಯುಸ್ಸು ಕಳೆದವರು. ನನ್ನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಪೋಷಕರ ರುಜು ಬೇಕು ಎಂದಾಗಲೇ ಅವರು ರುಜು ಹಾಕುವುದನ್ನು ಕಲಿತದ್ದು. ನಾನು ಹಗಲು ಕೆಲಸ, ಸಂಜೆ ಕಾಲೇಜು ಎಂದು ಓಡಾಡಿ, ಮೂರು ವರ್ಷದ ಪದವಿಯನ್ನು ಏಳು ವರ್ಷ ಚೆನ್ನಾಗಿ ಅಗಿದು ಅಗಿದು ಮುಗಿಸಿದೆ. ಆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ, ವಿಜಯನಗರದ ನಮ್ಮ ಮನೆಯ ಹಾಲಿನಲ್ಲಿ ಪೂರ್ವದ ಗೋಡೆಗೆ ತೂಗುಹಾಕಿದ್ದೇನೆ. ವಿದ್ಯೆ ಪೂರ್ವದಲ್ಲಿರಬೇಕು ಎಂದು ವಾಸ್ತು ನೋಡುವವರೊಬ್ಬರು ಹೇಳಿದ್ದರು. ಈಚೆಗೆ ಅದರಲ್ಲಿ ನನ್ನ ಹೆಸರು ಸ್ವಲ್ಪ ಮಸುಕಾಗಿದೆ. ಶಾಯಿ ಕಳಪೆಯದು ಎಂದುಕೊಂಡಿದ್ದೆ.

ಹೊಟ್ಟೆಪಾಡಿಗೆ ನಾನು ಒಂದು ಗೃಹ ನಿರ್ಮಾಣ ಸಹಕಾರ ಸಂಘದಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಸೈಟು ಅಳೆದು, ಸೈಟಿನ ವರದಿ ಬರೆದು ಬಂದಿದ್ದೇನೆ. ಭೂಮಿಯ ಮೇಲೆ ಯಾವ ಖಾಲಿ ಜಾಗವನ್ನೇ ತೋರಿಸಿ, ಅದರಲ್ಲಿ ಎಷ್ಟು ಮೂವತ್ತು-ನಲವತ್ತು ಅಡಿಯ ಸೈಟು ಹಿಡಿಯುತ್ತದೆ ಎಂದು ನಿಂತಲ್ಲೇ ಹೇಳಬಲ್ಲೆ. ಈ ವಿದ್ಯೆಗೂ ಫುಟ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿಲ್ಲ. ಅದು ನನಗೆ ಆಮೇಲೆ ತಿಳಿಯಿತು.

ನಮ್ಮ ಕಡೆಯ ಬಡಾವಣೆಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡು, ವರ್ಷಕ್ಕೊಮ್ಮೆ ಹೆಣ್ಣುಮಕ್ಕಳ ಫುಟ್‌ಬಾಲ್ ಚಾಂಪಿಯನ್‌ಶಿಪ್ ನಡೆಸುತ್ತವೆ. ಅಧ್ಯಕ್ಷರು ನಂಜುಂಡಪ್ಪ, ಹಾರ್ಡ್‌ವೇರ್ ಅಂಗಡಿಯವರು. ಈ ಸಲ ಅವರು ಯಾವುದೋ ದೊಡ್ಡ ಪಂದ್ಯಾವಳಿಯ ನಿಯಮಾವಳಿಯನ್ನು ಮೊಬೈಲಿನಿಂದ ಇಳಿಸಿಕೊಂಡು, ಕನ್ನಡ ಮಾಡಿಸಿ, ಹಾಗೇ ಅಚ್ಚು ಹಾಕಿಸಿದ್ದರು. ಅದರಲ್ಲಿ ‘ಆತಿಥೇಯ ನಗರದ ಆಯ್ಕೆ ಸಮಿತಿ’ ಎಂದಿತ್ತು. ಫೈನಲ್ ಎಲ್ಲಿ ನಡೆಯಬೇಕು ಎಂದು ಆ ಸಮಿತಿ ಹೇಳಬೇಕು. ಅರ್ಜಿ ಹಾಕಿದ್ದವರು ಮೂವರು: ನಂದಿನಿ ಲೇಔಟ್, ಜ್ಞಾನಭಾರತಿ, ಶ್ರೀಗಂಧದ ಕಾವಲ್.

ಕಾವಲ್‌ನವರಿಗೆ ಮೊದಲೇ ಗಾಬರಿ. “ಸಾರ್, ಇದ್ರಲ್ಲಿ ನಗರ ಅಂತ ಇದೆ. ನಾವು ಕಾವಲು. ನಮ್ ಅರ್ಜಿ ನಿಲ್ಲತ್ತಾ?” ಎಂದರು.

“ನಾವು ಲೇಔಟು, ನಾವೇ ಸುಮ್ನಿದೀವಲ್ಲ,” ಎಂದರು ನಂದಿನಿ ಲೇಔಟಿನವರು. ಅರ್ಧ ಗಂಟೆ ಇದೇ ಚರ್ಚೆಯಾಯಿತು. ಕೊನೆಗೆ ಅಧ್ಯಕ್ಷರು ಮೇಜು ಬಡಿದರು.

“ಈಗ ಕಾರ್ಯದರ್ಶಿ ಬೇಕು. ಫುಟ್‌ಬಾಲ್ ಗೊತ್ತಿರೋರು ಬೇಡ. ಗೊತ್ತಿರೋರು ಪಕ್ಷಪಾತ ಮಾಡ್ತಾರೆ. ಓದಿರಬೇಕು, ಆದ್ರೆ ಆಟ ಗೊತ್ತಿರಬಾರದು. ಅಂಥೋರು ಯಾರಾದ್ರೂ ಇದೀರಾ?”

ನಾನು ಕೈ ಎತ್ತಿದೆ. ಒಂದು ಹುದ್ದೆಗೆ ಬೇಕಾದ ಎಲ್ಲ ಅರ್ಹತೆಗಳೂ ನನ್ನಲ್ಲಿ ಪರಿಪೂರ್ಣವಾಗಿ ಇದ್ದದ್ದು ಅದೊಂದೇ ಸಲ.

ಆದರೂ ಪ್ರಾಮಾಣಿಕತೆಗೆಂದು ಹೇಳಿದೆ: “ನನ್ ಮಗಳು ಪಲ್ಲವಿ ವಿಜಯನಗರ ಟೀಮಿನ ಗೋಲ್‌ಕೀಪರ್. ಅದು ಅಡ್ಡ ಬರತ್ತಾ?”

“ವಿಜಯನಗರ ಫೈನಲ್‌ಗಾ?” ಎಂದು ಅಧ್ಯಕ್ಷರು ನಕ್ಕರು. “ಬಿಡಿ ಸಾರ್, ನೀವು ಆರಾಮಾಗಿ ಕೆಲಸ ಮಾಡಿ.”

ಮೂರೇ ವಾರದಲ್ಲಿ ವಿಜಯನಗರ ಫೈನಲ್‌ಗೆ ಬಂತು.

ಪಲ್ಲವಿ ಎರಡನೇ ಪಿ.ಯು.ಸಿ. ಒಳ್ಳೆಯ ಕಾಲೇಜೊಂದರ ಕೋಚ್ ಅವಳ ಆಟ ನೋಡಿ, “ಈ ಚಾಂಪಿಯನ್‌ಶಿಪ್ ಗೆದ್ದ ಸರ್ಟಿಫಿಕೇಟ್ ತಂದರೆ ಕ್ರೀಡಾ ಕೋಟಾದಲ್ಲಿ ಡಿಗ್ರಿಗೆ ಸೀಟು ಕೊಡಿಸ್ತೀನಿ,” ಎಂದಿದ್ದರು. ಅಂಕಗಳ ಬಲದ ಮೇಲೆ ಆ ಕಾಲೇಜಿನ ಗೇಟು ನಮಗೆ ತೆರೆಯುವಂತಿರಲಿಲ್ಲ. ಆ ವಿಷಯದಲ್ಲಿ ಅವಳು ಅಪ್ಪನ ಮಗಳೇ. ಮನೆತನದ ಎರಡನೇ ಪದವಿ ಆ ಒಂದು ಕಾಗದದ ಮೇಲೆ ನಿಂತಿತ್ತು. ಆದ್ದರಿಂದಲೇ ನನಗೆ ಇನ್ನಷ್ಟು ಭಯ. ಯಾರೂ ನನ್ನತ್ತ ಬೆರಳು ತೋರಿಸಬಾರದು. ಕೆಲಸ ಹಿಡಿದ ದಿನವೇ, ಊಟಕ್ಕೆ ಕುಳಿತಾಗ ಮನೆಯಲ್ಲಿ ಶಾಸನ ಹೊರಡಿಸಿದ್ದೆ.

“ಅಪ್ಪ, ಗ್ರೌಂಡ್ ನೋಡೋಕೆ ಹೋದಾಗ ಗೋಲ್‌ಪೋಸ್ಟ್ ಯಾವ ಕಡೆ ಇದೆ ಅಂತ...” ಎಂದು ಪಲ್ಲವಿ ಶುರು ಮಾಡಿದ್ದಳು.

“ಈ ಮನೇಲಿ ಇನ್ಮೇಲೆ ಆ ವಿಷಯ ಮಾತಾಡೋ ಹಾಗಿಲ್ಲ. ನೀನು ಆಟಗಾರ್ತಿ. ನಾನು ಸಮಿತಿ.”

ನನ್ನ ಹೆಂಡತಿ ಸುಜಾತ ಸೌಟು ಹಿಡಿದು ನಿಂತಿದ್ದಳು. “ರೀ, ಸಮಿತಿಗೆ ಸಾರು ಬಡಿಸ್ಲಾ? ಇಲ್ಲ ಅದಕ್ಕೂ ಅರ್ಜಿ ಹಾಕ್ಬೇಕಾ?”

ಹೀಗೆ, ನಮ್ಮ ಮನೆಯಲ್ಲಿ ಫುಟ್‌ಬಾಲ್ ಗೊತ್ತಿದ್ದ ಏಕೈಕ ವ್ಯಕ್ತಿಯ ಬಾಯಿಯನ್ನು ನಾನು ಅಧಿಕೃತವಾಗಿ ಮುಚ್ಚಿಸಿದೆ.

ಬೋರಯ್ಯಮಾವ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ ಇದ್ದಾರೆ. ವಯಸ್ಸಿನಲ್ಲಿದ್ದಾಗ ಗಿರಣಿಯ ತಂಡದಲ್ಲಿ ಆಡಿ ಮಂಡಿ ಕಳೆದುಕೊಂಡವರು. ಪಲ್ಲವಿಗೆ ಚೆಂಡು ಹಿಡಿಯುವುದನ್ನು ಕಲಿಸಿದವರೂ ಅವರೇ. ಮೂರು ಮೈದಾನಗಳ ಹೆಸರು ಕೇಳಿದ ಕೂಡಲೇ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ ಹೇಳಿದರು:

“ಕಾವಲ್ ಗ್ರೌಂಡಾ? ಆಗಲ್ಲ ಕಣೋ ಸಿದ್ದರಾಜು. ಅಲ್ಲಿ ಸಂಜೆ ಫೈನಲ್ಲು ಆಗದ ಮಾತು.”

ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಏಳು ವರ್ಷ ‘ಆಗದ ಮಾತು’ ಕೇಳಿಸಿಕೊಂಡವನ ಕಿವಿಗೆ ಅದರ ಹಿಂದಿನ ಕಾರಣ ಕೇಳಿಸುವುದಿಲ್ಲ. “ನೋಡ್ತಾ ಇರಿ ಮಾವ,” ಎಂದು ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಪರಿಶೀಲನೆಗೆ ಒಂದು ಫಾರಂ ಬೇಕಲ್ಲ. ನಮ್ಮ ಸಂಘದಲ್ಲಿ ಸೈಟು ನೋಡಲು ಒಂದು ಫಾರಂ ಇದೆ. ಇಪ್ಪತ್ತೆರಡು ವರ್ಷದಲ್ಲಿ ಅದು ಯಾರಿಗೂ ಮೋಸ ಮಾಡಿಲ್ಲ. ಅದನ್ನೇ ತೆಗೆದುಕೊಂಡೆ. ನಾಲ್ಕು ದಿಕ್ಕಿನ ಎಲ್ಲೆ, ಅಂದರೆ ಚಕ್ಕುಬಂದಿ. ಯಾವ ದಿಕ್ಕಿಗೆ ಮುಖ? ಕಾರ್ನರ್ ಹೌದೇ ಅಲ್ಲವೇ? ಈಶಾನ್ಯದಲ್ಲಿ ನೀರಿದೆಯೇ? ಎದುರಿನಿಂದ ರಸ್ತೆ ನೇರ ಬಂದು ನಾಟುತ್ತದೆಯೇ? ಕಾವೇರಿ ನೀರಿನ ಸಂಪರ್ಕ? ಒಟ್ಟು ನೂರು ಅಂಕ. ಅದರಲ್ಲಿ ಪೂರ್ವದ ಮುಖಕ್ಕೇ ಮೂವತ್ತು. ಪೂರ್ವ ಮುಖದ ಸೈಟು ಕೈಬಿಟ್ಟ ಮನುಷ್ಯನನ್ನು ನಾನು ಬೆಂಗಳೂರಿನಲ್ಲಿ ಇನ್ನೂ ಕಂಡಿಲ್ಲ.

ಮೊದಲು ನಂದಿನಿ ಲೇಔಟಿಗೆ ಹೋದೆ. ಬೆಳಗಿನ ಏಳು ಗಂಟೆ. ಮೈದಾನದ ಸುತ್ತ ಜನ ವಾಕಿಂಗ್ ಮಾಡುತ್ತಿದ್ದರು. ಟೇಪಿನ ಒಂದು ತುದಿ ಹಿಡಿದುಕೊಳ್ಳಿ ಎಂದು ಮಂಕಿಕ್ಯಾಪ್ ಹಾಕಿದ್ದ ಹಿರಿಯರೊಬ್ಬರನ್ನು ಕೇಳಿಕೊಂಡೆ. ಪಾಪ, ಹಿಡಿದರು. ಉದ್ದ ಅಳೆದೆವು, ಅಗಲ ಅಳೆದೆವು. ಅಭ್ಯಾಸಬಲ ನೋಡಿ, ಬರೆದುಕೊಳ್ಳುತ್ತಾ ಬಾಯಿಬಿಟ್ಟೇ ಹೇಳಿದೆ:

“ರಸ್ತೆ ಬಿಟ್ಟು, ನಲವತ್ತು ಸೈಟು ಆಗತ್ತೆ.”

ಹಿರಿಯರ ಕೈಯಿಂದ ಟೇಪು ಜಾರಿತು. “ಏನಂದ್ರಿ?”

“ಮೂವತ್ತು-ನಲವತ್ತು ಲೆಕ್ಕದಲ್ಲಿ.”

ಅವರು ವಾಕಿಂಗ್ ಹೆಂಗಸರ ಗುಂಪಿನ ಕಡೆಗೆ ಓಡಿದರು. ಆ ವಯಸ್ಸಿನಲ್ಲಿ ಆ ವೇಗ! ಎರಡು ನಿಮಿಷದಲ್ಲಿ ನನ್ನ ಸುತ್ತ ಮೂವತ್ತು ಜನ. ಎಲ್ಲರ ಕಾಲಲ್ಲೂ ಶೂ, ಮುಂದೆ ನಿಂತ ಆಂಟಿಯ ಕೈಯಲ್ಲಿ ನಾಯಿ ಓಡಿಸುವ ಕೋಲು.

“ಗ್ರೌಂಡನ್ನ ಸೈಟ್ ಮಾಡ್ತೀರೇನ್ರೀ?”

“ಇಲ್ಲಮ್ಮ, ನಾನು ಫುಟ್‌ಬಾಲಿಗೆ ಬಂದಿರೋದು.”

“ಫುಟ್‌ಬಾಲ್‌ಗೆ ಟೇಪ್ ಯಾಕೆ? ಬಾಲ್ ಎಲ್ಲಿ?”

ಬಾಲ್ ಇರಲಿಲ್ಲ. “ಬೇಕಿದ್ರೆ ಫಾರಂ ನೋಡಿ,” ಎಂದು ಕೊಟ್ಟೆ. ಅದು ನಾನು ಮಾಡಿದ ಎರಡನೇ ತಪ್ಪು. ತಲೆಬರಹ ಬದಲಿಸುವುದನ್ನು ಮರೆತಿದ್ದೆ. ಆಂಟಿ ಗಟ್ಟಿಯಾಗಿ ಓದಿದರು: “ನಿವೇಶನ ಪರಿಶೀಲನಾ ವರದಿ.” ಆಮೇಲೆ ಯಾರೋ ವಿಡಿಯೋ ತೆಗೆಯತೊಡಗಿದರು, ಇನ್ಯಾರೋ “ಎಷ್ಟನೇ ಸೈಟ್ ನಿಂಗೆ ಇಟ್ಕೊಂಡಿದೀಯ ಗುರು?” ಎಂದರು. ನಾನು ಪದವೀಧರ ಎಂದು ಹೇಳಿದೆ. ಅದರಿಂದ ಪರಿಸ್ಥಿತಿ ಕೆಟ್ಟಿತು.

ನನ್ನ ಟೇಪು ಈಗಲೂ ನಂದಿನಿ ಲೇಔಟಿನಲ್ಲೇ ಇದೆ. ಗೋಲುಗಳು ಉತ್ತರಕ್ಕೊಂದು, ದಕ್ಷಿಣಕ್ಕೊಂದು ಇದ್ದವು. ದಕ್ಷಿಣವೆಂದರೆ ಯಮನ ದಿಕ್ಕು. ‘ಸ್ಥಳೀಯರ ಅಸಹಕಾರ’ ಎಂದೂ ಸೇರಿಸಿ ಮೂವತ್ತೊಂದು ಅಂಕ ಕೊಟ್ಟೆ.

ಜ್ಞಾನಭಾರತಿಯ ಮೈದಾನವನ್ನು ಹೆಜ್ಜೆಯಲ್ಲೇ ಅಳೆದೆ. ಹುಲ್ಲು ಚೆನ್ನಾಗಿತ್ತು, ಮರದ ನೆರಳಿತ್ತು. ಆದರೆ ಜಾಗ ಮುಂದೆ ಅಗಲ, ಹಿಂದೆ ಕಿರಿದು. ಇದನ್ನು ನಮ್ಮಲ್ಲಿ ವ್ಯಾಘ್ರಮುಖ ಎನ್ನುತ್ತಾರೆ. ಅಂಥ ಸೈಟಿನಲ್ಲಿ ಸಂಸಾರ ಏಳಿಗೆಯಾಗುವುದಿಲ್ಲ. ಅಲ್ಲಿ ಸಂಸಾರ ಮಾಡುವವರು ಯಾರು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಅಲ್ಲೂ ಗೋಲು ಉತ್ತರ-ದಕ್ಷಿಣವೇ. ಈ ಫುಟ್‌ಬಾಲಿನವರಿಗೆ ಯಾರೂ ತಿಳಿವಳಿಕೆ ಹೇಳಿಲ್ಲವಲ್ಲ ಎಂದು ಮರುಕವಾಯಿತು. ನಲವತ್ತೆಂಟು ಅಂಕ.

ಕೊನೆಗೆ ಶ್ರೀಗಂಧದ ಕಾವಲ್. ಏನು ಹೇಳಲಿ! ಗೇಟು ಪೂರ್ವಕ್ಕೆ. ಎರಡು ರಸ್ತೆ ಸೇರುವ ಕಾರ್ನರ್. ಈಶಾನ್ಯದಲ್ಲಿ ಬೋರ್‌ವೆಲ್, ಪಕ್ಕದಲ್ಲೇ ಗಣೇಶನ ಗುಡಿ. ಎಲ್ಲಕ್ಕಿಂತ ಹೆಚ್ಚಾಗಿ, ಗೋಲುಗಳು ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಸೈಟು ನೋಡಿರಲಿಲ್ಲ. ನಲವತ್ತು ಹೋಳು ಮಾಡಿದರೆ ನಲವತ್ತೂ ಮಾರಾಟವಾಗುವಂಥದ್ದು.

ಅಲ್ಲಿ ಆಡುತ್ತಿದ್ದ ಯುವಕನೊಬ್ಬ ಬೆವರು ಒರೆಸಿಕೊಳ್ಳುತ್ತಾ ಬಂದ. “ಅಣ್ಣ, ನಾವು ಇಲ್ಲಿ ಬೆಳಗ್ಗೆ ಎಂಟರೊಳಗೆ ಬರಲ್ಲ, ಸಂಜೆ ನಾಲ್ಕಾದ್ಮೇಲೆ ಆಡಲ್ಲ,” ಎಂದ.

ಎಂಥ ಶಿಸ್ತು ಎನಿಸಿತು. ‘ಸ್ಥಳೀಯರು ವೇಳೆಗೆ ಬೆಲೆ ಕೊಡುವವರು’ ಎಂದು ಬರೆದುಕೊಂಡು ಐದು ಅಂಕ ಹೆಚ್ಚು ಕೊಟ್ಟೆ. ಒಟ್ಟು ತೊಂಬತ್ತಾರು.

ಒಕ್ಕೂಟ ನನ್ನ ವರದಿಯ ಮೊದಲ ಪುಟದಲ್ಲಿದ್ದ ಅಂಕ ಮಾತ್ರ ನೋಡಿ ಅಲ್ಲೇ ಒಪ್ಪಿತು. ಒಳಗಿನ ಪುಟಗಳನ್ನು ಯಾರೂ ತಿರುಗಿಸಲಿಲ್ಲ. ಭಾನುವಾರ ಸಂಜೆ ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತದೆ, ಅದಕ್ಕೆ ಮುಂಚೆ ಚೆಂಡು ಒದ್ದುಬಿಡಬೇಕು ಎಂದು ಅಧ್ಯಕ್ಷರು ನಾಲ್ಕು ಇಪ್ಪತ್ತಕ್ಕೆ ಆಟ ಇಟ್ಟರು. ನಾನು ಮಾವನಿಗೆ ಫೋನು ಮಾಡಿ ಹೇಳಿದೆ.

“ನಾಲ್ಕು ಇಪ್ಪತ್ತಾ?” ಎಂದರು. ಆಮೇಲೆ, “ಪಲ್ಲವಿಗೆ ಫೋನ್ ಕೊಡು.”

ಆ ವಾರವಿಡೀ ನನಗೆ ಒಂದೂ ಅರ್ಥವಾಗಲಿಲ್ಲ. ಪಲ್ಲವಿ ದಿನಾ ಸಂಜೆ ಮಾವನ ಜೊತೆ ಕಾವಲ್‌ಗೆ ಹೋಗುತ್ತಿದ್ದಳು. ಬರುವಾಗ ಕಣ್ಣು ಕೆಂಪು. ತಲೆಯ ಮೇಲೆ ಮಾವನ ಗಿರಣಿ ಕಾಲದ, ಮುಂದೆ ಉದ್ದ ಅಂಚಿನ ಒಂದು ಹಳೇ ಟೋಪಿ.

“ಸಂಜೆ ಹೊತ್ತಲ್ಲಿ ಟೋಪಿ ಯಾಕಮ್ಮ?” ಎಂದು ಕೇಳಿದೆ.

“ಹೇಳೋ ಹಾಗಿಲ್ಲ. ನಾನು ಆಟಗಾರ್ತಿ. ನೀವು ಸಮಿತಿ,” ಎಂದು ಮುಖ ತೊಳೆಯಲು ಹೋದಳು.

ಫೈನಲ್ ದಿನ ಅತಿಥಿಗಳಿಗೆ ಶಾಮಿಯಾನ ಹಾಕಿಸುವುದೂ ನನ್ನ ಪಾಲಿಗೆ ಬಂದಿತ್ತು. ಪೂರ್ವದ ಗೋಲಿನ ಹಿಂದೆ, ಗೌರವದ ಜಾಗದಲ್ಲಿ ಹಾಕಿಸಿದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅತಿಥಿಗಳೆಲ್ಲ ಹಣೆಗೆ ಕೈ ಹಿಡಿದು ಕೂತಿದ್ದಾರೆ. ವಂದನೆ ಎಂದುಕೊಂಡು ನಾನು ಮೂರು ಸಲ ತಲೆಬಾಗಿದೆ. ನಾಲ್ಕನೇ ಸಲ ಬಾಗುವಾಗ ನಂಜುಂಡಪ್ಪನವರು, “ಸಾರ್, ನೀವು ಸ್ವಲ್ಪ ಅಲ್ಲೇ ನಿಂತಿರಿ. ನೆರಳು ಬೀಳ್ತಿದೆ,” ಎಂದರು.

ಆಗಲೂ ನನಗೆ ಹೊಳೆಯಲಿಲ್ಲ.

ಎದುರಾಳಿ ರಾಜಾಜಿನಗರ. ನಾಣ್ಯ ಅವರ ಕಡೆ ಬಿದ್ದಿತ್ತು. ಅವರ ಮ್ಯಾನೇಜರ್ ಗೋವಿಂದರಾಜು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ನಿಂಬೆಹಣ್ಣು, ತಾವೇ ಕೇಳಿ ಪೂರ್ವದ ಗೋಲು ತೆಗೆದುಕೊಂಡಿದ್ದರು. ಪೂರ್ವದ ಗೋಲಿನಲ್ಲಿ ನಿಂತ ಹುಡುಗಿ ಪಶ್ಚಿಮಕ್ಕೆ ನೋಡಬೇಕು. ಪಶ್ಚಿಮದಲ್ಲಿ ಸೂರ್ಯ ಇದ್ದ. ವಿಜಯನಗರದವರು ಒದ್ದ ಚೆಂಡು ಬಿಸಿಲಿನೊಳಗೆ ಹೋಗಿ, ಗೋಲಿನೊಳಗೆ ಕಾಣಿಸಿಕೊಂಡಿತು. ಆ ಹುಡುಗಿ ಬೇರೆ ಎಲ್ಲೋ ಹಾರಿದ್ದಳು. ಹೀಗೆ ಎರಡು ಸಲ ಆಯಿತು.

ನನ್ನ ಪಕ್ಕದಲ್ಲಿ ಬಂದು ನಿಂತ ಮಾವ, ಎಲೆಯಡಿಕೆ ಉಗಿದು, ನಿಧಾನವಾಗಿ ಕೇಳಿದರು: “ಸೂರ್ಯ ಎಲ್ಲಿ ಮುಳುಗ್ತಾನೋ ಸಿದ್ದರಾಜು?”

“ಪಶ್ಚಿಮದಲ್ಲಿ.”

“ಬಿ.ಕಾಂ.ನಲ್ಲಿ ಹೇಳ್ಕೊಟ್ರಾ?”

ಆಗ ಹೊಳೆಯಿತು. ಕಾಲಿನಿಂದ ತಲೆಯವರೆಗೆ ಹೊಳೆಯಿತು. ಪ್ರಪಂಚದ ಫುಟ್‌ಬಾಲಿನವರು ಉತ್ತರ-ದಕ್ಷಿಣಕ್ಕೆ ಗೋಲು ನೆಡುವುದು ತಿಳಿವಳಿಕೆ ಇಲ್ಲದೆ ಅಲ್ಲ. ಇಷ್ಟರಲ್ಲಿ ಅರ್ಧ ಆಟ ಮುಗಿದು ತಂಡಗಳು ಜಾಗ ಬದಲಿಸಿದವು. ಸೂರ್ಯ ಇನ್ನೂ ಕೆಳಗಿಳಿದಿದ್ದ. ಈಗ ಆ ಬಿಸಿಲಿನ ಎದುರಿಗೆ ನಿಂತವಳು ನನ್ನ ಮಗಳು. ನಿಲ್ಲಿಸಿದವನು ನಾನು.

ಪಲ್ಲವಿ ಟೋಪಿಯ ಅಂಚು ಹುಬ್ಬಿನವರೆಗೆ ಎಳೆದುಕೊಂಡಳು. ಆ ನಲವತ್ತು ನಿಮಿಷ ನಾನು ಅವಳನ್ನು ನೋಡಲಿಲ್ಲ. ಅವಳ ನೆರಳನ್ನು ನೋಡಿದೆ. ಅದು ಉದ್ದಕ್ಕೆ ಶಾಮಿಯಾನದವರೆಗೂ ಬಿದ್ದಿತ್ತು. ಎಡಕ್ಕೆ ಹಾರುತ್ತಿತ್ತು, ಬಲಕ್ಕೆ ಹಾರುತ್ತಿತ್ತು. ಒಂದು ಚೆಂಡು ಒಳಗೆ ಹೋಯಿತು. ಇನ್ನೆಷ್ಟೋ ಹೋಗಲಿಲ್ಲ. ಸೀಟಿ ಊದಿದಾಗ ವಿಜಯನಗರ ಎರಡು, ರಾಜಾಜಿನಗರ ಒಂದು.

ನಾನು ಉಸಿರು ಬಿಡುವಷ್ಟರಲ್ಲಿ ಗೋವಿಂದರಾಜು ಮೈಕ್ ಹಿಡಿದುಬಿಟ್ಟಿದ್ದರು.

“ಇದು ಮೋಸ. ಗ್ರೌಂಡ್ ಆರಿಸಿದ್ದು ಗೋಲ್‌ಕೀಪರ್ ಅಪ್ಪ. ಆ ಹುಡುಗಿ ವಾರದಿಂದ ಇಲ್ಲೇ ಟೋಪಿ ಹಾಕ್ಕೊಂಡು ಪ್ರಾಕ್ಟೀಸ್ ಮಾಡಿದಾಳೆ. ಬಿಸಿಲು ಬೀಳತ್ತೆ ಅಂತ ಗೊತ್ತಿದ್ದೇ ಇಟ್ಟಿದಾರೆ. ಫೈನಲ್ ಕ್ಯಾನ್ಸಲ್ ಮಾಡಿ.”

ಜನ ಗುಜುಗುಜು ಎಂದರು. ಮೇಜಿನ ಮೇಲಿದ್ದ ಸರ್ಟಿಫಿಕೇಟುಗಳ ಕಟ್ಟನ್ನು ನಂಜುಂಡಪ್ಪ ನಿಧಾನವಾಗಿ ಮುಚ್ಚಿ ಚೀಲಕ್ಕೆ ಹಾಕಿದರು. ಪಲ್ಲವಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು. ನಾನು ಪಕ್ಷಪಾತದ ಮಾತು ಬರಬಾರದೆಂದು ಮಗಳ ಬಾಯಿ ಮುಚ್ಚಿಸಿದವನು. ಈಗ ಅದೇ ಮಾತು ಮೈಕಿನಲ್ಲಿ ಬಂದಿತ್ತು.

“ನಿಮಗೆ ಗೊತ್ತಿತ್ತಾ ಸಾರ್?” ಎಂದು ಅಧ್ಯಕ್ಷರು ಕೇಳಿದರು. “ಗೊತ್ತಿದ್ರೆ ಮೋಸ. ಗೊತ್ತಿಲ್ಲ ಅಂದ್ರೆ ಅದಕ್ಕೆ ಏನ್ ಸಾಕ್ಷಿ?”

ಸಾಕ್ಷಿ ನನ್ನ ಕಂಕುಳಲ್ಲೇ ಇತ್ತು. ಒಳಗಿನ ಪುಟಗಳನ್ನು ಯಾರೂ ತಿರುಗಿಸದ ಆ ವರದಿ. ಏಳು ವರ್ಷ ಸಂಜೆ ಕಾಲೇಜಿನಲ್ಲಿ ಕೂತು ಕಟ್ಟಿಕೊಂಡ ಮರ್ಯಾದೆ ಒಂದು ಕಡೆ, ಚೀಲದೊಳಗೆ ಹೋದ ಆ ಕಾಗದ ಇನ್ನೊಂದು ಕಡೆ. ನಾನು ಮೈಕ್ ತೆಗೆದುಕೊಂಡೆ. ತಲೆಬರಹದಿಂದಲೇ ಓದಿದೆ.

“ನಿವೇಶನ ಪರಿಶೀಲನಾ ವರದಿ. ಪೂರ್ವಕ್ಕೆ ಮುಖ, ಮೂವತ್ತು ಅಂಕ. ಕಾರ್ನರ್, ಇಪ್ಪತ್ತು. ಈಶಾನ್ಯದಲ್ಲಿ ನೀರು, ಹದಿನೈದು. ರಸ್ತೆ ಬಂದು ನಾಟುವುದಿಲ್ಲ, ಹತ್ತು...”

ಮೊದಲು ಸುಜಾತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹಿಂದಿನ ಸಾಲು. ‘ಸ್ಥಳೀಯರು ವೇಳೆಗೆ ಬೆಲೆ ಕೊಡುವವರು’ ಎಂಬಲ್ಲಿಗೆ ಬಂದಾಗ ಕಾವಲ್‌ನ ಯುವಕರು ನೆಲಕ್ಕೆ ಕೂತರು. ‘ಸಂಸಾರಕ್ಕೆ ಯೋಗ್ಯ’ ಎಂಬ ಕೊನೆಯ ಸಾಲನ್ನು ನಾನು ಓದಿದ್ದು ಯಾರಿಗೂ ಕೇಳಿಸಲಿಲ್ಲ. ಮೈಕಿನಲ್ಲೇ ಹೇಳಿದೆ: “ನಾನು ಪದವೀಧರ. ಆದ್ರೆ ಸಂಜೆ ಸೂರ್ಯ ಯಾವ ಕಡೆ ಇರ್ತಾನೆ ಅಂತ ನೋಡ್ಲಿಲ್ಲ. ಮಗಳು ಹೇಳೋಕೆ ಬಂದ್ಳು, ಬಿಡಲಿಲ್ಲ. ಮಾವ ಹೇಳಿದ್ರು, ಕೇಳಲಿಲ್ಲ. ಇಷ್ಟೇ.”

ಗೋವಿಂದರಾಜು ವರದಿ ಇಸಿದುಕೊಂಡು ತಾವೇ ಒಂದು ಸಲ ಕಣ್ಣಾಡಿಸಿದರು. ಕೈಯಲ್ಲಿದ್ದ ನಿಂಬೆಹಣ್ಣು ನೋಡಿಕೊಂಡರು. ಅವರ ದನಿ ಇಳಿಯಿತು.

“ಮೋಸ ಮಾಡೋಷ್ಟು ಫುಟ್‌ಬಾಲ್ ಇವರಿಗೆ ಬರಲ್ಲ ಬಿಡಿ. ನಾನೂ ಪೂರ್ವ ಒಳ್ಳೇದು ಅಂತಾನೇ ಆ ಗೋಲು ಕೇಳಿದ್ದು.”

“ಎರಡೂ ಟೀಮು ಒಂದೊಂದು ಹಾಫ್ ಬಿಸಿಲು ತಿಂದಿದೆ. ಕೊನೇ ಹಾಫ್ ಬಿಸಿಲೇ ಜಾಸ್ತಿ,” ಎಂದರು ರೆಫರಿ. ನಂಜುಂಡಪ್ಪ ಚೀಲದಿಂದ ಕಟ್ಟು ಹೊರತೆಗೆದರು.

ಪಲ್ಲವಿ ಎರಡೂ ಕೈಯಲ್ಲಿ ಸರ್ಟಿಫಿಕೇಟ್ ತೆಗೆದುಕೊಂಡು, ನೇರವಾಗಿ ಬಂದು ಬೋರಯ್ಯಮಾವನ ಕೈಗೆ ಕೊಟ್ಟಳು. ಅವರು ಅದನ್ನು ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಅವಳ ಹೆಸರು ಓದಿದರು. ಏನಾದರೂ ಹೇಳಬೇಕೆಂದು, “ಇದಕ್ಕೂ ಚೌಕಟ್ಟು ಹಾಕ್ಸಿ, ನನ್ನದರ ಪಕ್ಕದಲ್ಲೇ ಹಾಕ್ತೀನಿ ಮಾವ,” ಎಂದೆ.

ಮಾವ ಸರ್ಟಿಫಿಕೇಟನ್ನು ಎದೆಗೆ ಒತ್ತಿಕೊಂಡರು.

“ಆ ಗೋಡೆ ಬೇಡ ಕಣೋ ಸಿದ್ದರಾಜು. ಎದುರಿನ ಕಿಟಕಿಯಿಂದ ದಿನಾ ಸಂಜೆ ಬಿಸಿಲು ಬೀಳ್ತದೆ. ನಿನ್ ಹೆಸರಂತೂ ಅಳಿಸೋಯ್ತು, ಇವಳದ್ದಾದ್ರೂ ಉಳೀಲಿ.”